ನನ್ನ ತಮ್ಮನ ತಲೆ ತಪಾಸಣೆ

ನನ್ನ ತಮ್ಮನ ಎದುರು ಯಾರೂ ತಲೆ ಮುಟ್ಟಿಕೊಳ್ಳಬಾರದು. ಮುಟ್ಟಿಕೊಂಡವರು ಆ ದಿನ ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದನ್ನು ನಾನಂತೂ ಕಂಡಿಲ್ಲ. ಅರಸೀಕೆರೆಯಲ್ಲಿ ಹೈಸ್ಕೂಲು ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದ ಈ ಮಹಾಶಯ ಒಮ್ಮೆ ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಬಂದ. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ಮಿದುಳು ಅಲುಗಿರಬಹುದು, ಅಂಥ ಮಕ್ಕಳನ್ನು ಅವತ್ತೇ ಮತ್ತೆ ಆಟಕ್ಕೆ ಇಳಿಸಬಾರದು ಎಂದು ಅಲ್ಲಿ ಡಾಕ್ಟರು ಹೇಳಿದರಂತೆ. ಒಳ್ಳೆಯ ಮಾತೇ. ಆದರೆ ಹಾಕಿ ಆಡುವ ಮಕ್ಕಳಿಗೆ ಹೇಳಿದ್ದನ್ನು ಇವನು ಇಡೀ ತಾಲ್ಲೂಕಿಗೆ ಅನ್ವಯಿಸಿಬಿಟ್ಟ!

ನಮ್ಮ ಮನೆಯ ಬಾಗಿಲು ಗಿಡ್ಡ. ನೀರು ಕುಡಿಯಲು ಒಳಗೆ ಬಂದ ಪೋಸ್ಟ್‌ಮ್ಯಾನ್ ಹಣೆ ತಗುಲಿಸಿಕೊಂಡ. ಪಕ್ಕದ ಮನೆಯಿಂದ ಓಡಿಬಂದ ತಮ್ಮ ಅವನನ್ನು ಜಗಲಿಯ ಮೇಲೆ ಕೂರಿಸಿ, ಸೈಕಲ್ಲಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿದ.

"ಸಾರ್, ಬೀದಿಗೆಲ್ಲ ಕಾಗ್ದ ಹಂಚೋದೈತೆ."

"ಹಂಚೋರು ಹಂಚ್ತಾರೆ. ನೀನು ಸುಮ್ನೆ ಕೂತ್ಕೊ."

ಹಂಚಿದವಳು ನಾನು.

ಗೆಂಡೆಹಳ್ಳಿಯ ಮದುವೆಯೊಂದರಲ್ಲಿ ಮದುಮಗ ಪೇಟದ ಸಮೇತ ಚಪ್ಪರದ ಬೊಂಬಿಗೆ ತಲೆ ಹೊಡೆದುಕೊಂಡ. ತಮ್ಮ ಕಾಫಿ ಲೋಟ ಬಿಟ್ಟೆದ್ದ. ಇವತ್ತು ಯಾವ ವಾರ? ಹುಡುಗ ಹೇಳಿದ. ಇದು ಯಾವ ಊರು? ಅದನ್ನೂ ಹೇಳಿದ. ಹುಡುಗಿಯ ಹೆಸರೇನು? ಹುಡುಗ ಕಣ್ಣು ಕಣ್ಣು ಬಿಟ್ಟ. ಅವನಾದರೂ ಏನು ಮಾಡಿಯಾನು? ಹೆಸರುಬಲ ಕೂಡಿಬರಲಿಲ್ಲವೆಂದು ಹಿಂದಿನ ದಿನವಷ್ಟೇ ಹುಡುಗಿಗೆ ಬೇರೆ ಹೆಸರಿಟ್ಟಿದ್ದರು. ತಮ್ಮ ಮಾತ್ರ ಗಂಭೀರವಾಗಿ, "ಇವತ್ತು ತಾಳಿ ಬೇಡ. ಹುಡುಗನಿಗೆ ವಿಶ್ರಾಂತಿ ಬೇಕು" ಎಂದ.

"ಏನ್ ಮೇಷ್ಟ್ರೇ, ನಿಮ್ ತಲೆಗೇನ್ ಬಿದ್ದೈತೆ?" ಎಂದರು ಹುಡುಗಿಯ ಸೋದರಮಾವ. ನಾವು ಊಟಕ್ಕೆ ನಿಲ್ಲಲಿಲ್ಲ.

ಇಂಥವನ ತಂಡದಲ್ಲೇ ಆಡುತ್ತಿದ್ದ ಅವನ ಮಗಳ ತಲೆಗೇ ಅಭ್ಯಾಸದಲ್ಲಿ ಚೆಂಡು ಬಡಿಯಿತು. ಜಿಲ್ಲಾ ತಂಡದ ಆಯ್ಕೆ ಪಂದ್ಯ ಹತ್ತಿರದಲ್ಲಿತ್ತು. ಅದಕ್ಕಾಗಿ ವರ್ಷವಿಡೀ ಬೆವರು ಸುರಿಸಿದ್ದ ಹುಡುಗಿ ಅದು. ಟಿ.ವಿ. ಇಲ್ಲ, ಪುಸ್ತಕವಿಲ್ಲ, ಓಟವಿಲ್ಲ ಎಂದು ತಮ್ಮ ಅವಳನ್ನು ಕೂರಿಸಿದ. ಪಂದ್ಯದ ಮುನ್ನಾದಿನ ತಪಾಸಣೆ.

"ತಲೆನೋವು?"

"ಇಲ್ಲ."

"ವಾಂತಿ ಬಂದಂಗೆ ಆಗುತ್ತಾ?"

"ಇಲ್ಲ ಕಣಪ್ಪ."

ಕೊಕ್ಕರೆಯ ಹಾಗೆ ಒಂಟಿಕಾಲಲ್ಲೂ ನಿಂತು ತೋರಿಸಿದಳು. ಅಪ್ಪನ ಪ್ರಶ್ನೆಗಳೆಲ್ಲ ಅವಳಿಗೆ ಬಾಯಿಪಾಠ. ಜ್ವರವಿದ್ದರೂ ಶಾಲೆ ತಪ್ಪಿಸದೆ ಬೆಳೆದವಳು ನಾನು. "ಬಿಡೋ, ಆಡ್ಲಿ. ಚೆನ್ನಾಗೇ ಇದ್ದಾಳೆ" ಎಂದೆ.

ಅವನು ಮಗಳನ್ನೇ ನೋಡುತ್ತಿದ್ದು, "ಹಾಕಿ ಬಿಟ್ಟು ಟೈಪಿಂಗ್ ಕ್ಲಾಸಿಗೆ ಸೇರ್ತೀಯಾ?" ಎಂದು ಕೇಳಿದ.

"ಹೂಂ ಅಪ್ಪ."

"ನೋಡಿದ್ಯಾ ಅಕ್ಕ? ಹುಟ್ಟಿದಾಗಿಂದ ನನ್ನ ಮಾತಿಗೆ ಹೂಂ ಅಂದೋಳಲ್ಲ ಇವಳು. ತಲೆ ಇನ್ನೂ ಸರಿಹೋಗಿಲ್ಲ."

ನಗಲು ಹೊರಟ ನಾನು ನಿಲ್ಲಿಸಿದೆ. ಹುಡುಗಿ ಅಳುತ್ತಿದ್ದಳು. ಬಿಸಿಲು ಕಂಡರೆ ಹಣೆ ಸಿಡಿಯುತ್ತದಂತೆ, ಯಾರು ಏನು ಹೇಳಿದರೂ ಅರ್ಧ ತಲೆಗೆ ಹೋಗುವುದಿಲ್ಲವಂತೆ.

ಪಂದ್ಯ ನಡೆಯಿತು. ಅವಳನ್ನು ಬಿಟ್ಟು ತಂಡದ ಆಯ್ಕೆಯೂ ಆಯಿತು. ಅವಳು ಅಪ್ಪನೊಡನೆ ಮಾತು ಬಿಟ್ಟಳು. ತಮ್ಮ ಅವಳನ್ನು ಹಾಸನದ ಡಾಕ್ಟರಿಗೆ ತೋರಿಸಿದ. ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಒಬ್ಬಳೇ ಸ್ಟಿಕ್ಕು ಹಿಡಿಯುವುದು. ತಲೆ ನೋಯಿತೋ, ಮತ್ತೆ ಒಂದು ಹಂತ ಹಿಂದಕ್ಕೆ. ಅವಳು ನಡೆದರೆ ಹಿಂದೆ ಇವನೂ ನಡೆದ. ಅವಳು ಓಡಿದರೆ ಆ ಹೊಟ್ಟೆ ಹೊತ್ತುಕೊಂಡು ಇವನೂ ಓಡಿದ. ಮಾತು ಮಾತ್ರ ಇಲ್ಲ.

ಕೊನೆಗೆ ಡಾಕ್ಟರು ಆಡಬಹುದು ಎಂದರು. ಅವತ್ತು ಮೈದಾನದಲ್ಲಿ ಹುಡುಗಿಯರೆಲ್ಲ ಸಾಲಾಗಿ ನಿಂತು ಕಾದರು. ತಮ್ಮ ವಿಷಲ್ ಊದಲೇ ಇಲ್ಲ. ಹೊತ್ತು ಮೀರಿದರೆ ನನಗಾಗದು. ಹತ್ತಿರ ಹೋಗಿ, "ಊದೋ" ಎಂದೆ.

"ಉಸಿರೇ ಬರ್ತಿಲ್ಲ ಅಕ್ಕ" ಎಂದ.

ಮಗಳು ಸಾಲು ಬಿಟ್ಟು ಬಂದಳು. ಅಪ್ಪನ ಕೈಯಿಂದ ವಿಷಲ್ ತೆಗೆದುಕೊಂಡು, ಅಂಗಿಗೆ ಒರೆಸಿ, ತಾನೇ ಜೋರಾಗಿ ಊದಿದಳು. ಆಮೇಲೆ ಅವನ ತೋಳು ಹಿಡಿದು ಗೆರೆಯಾಚೆ ನಡೆಸಿದಳು.

"ಇಲ್ಲೇ ನಿಂತ್ಕೊ ಅಪ್ಪ. ಒಳಗೆ ಬರ್ಬೇಡ, ತಲೆಗೆ ಬಿದ್ದೀತು."