ಕಣ್ಣಿಗೆ ಹಾಕಿದ ಹನಿ, ಬಾಯಿಗೆ ಬಂದ ಕಹಿ

ಹನಿ ಹಾಕಿದ್ದು ಕಣ್ಣಿಗೆ, ಕಹಿಯಾದದ್ದು ಬಾಯಿ. ಏನಾಗಿರಬಹುದು, ಹೇಳಿ ನೋಡೋಣ? ೧೯೯೦ರ ಆಸುಪಾಸಿನಲ್ಲಿ ಶಿಡ್ಲಘಟ್ಟದ ಕಣ್ಣಿನ ದವಾಖಾನೆಯೊಂದರಲ್ಲಿ ಡಾಕ್ಟರ ಸಹಾಯಕನಾಗಿದ್ದ ನನಗೆ ಇಂಥ ದೂರು ವಾರಕ್ಕೊಂದಾದರೂ ಬರುತ್ತಿತ್ತು. ಆದರೆ ಸಾಹೇಬರೊಬ್ಬರು ಕೇಳಿದ ಹಾಗೆ ಕೇಳಿದವರು ಇನ್ನೊಬ್ಬರಿಲ್ಲ.

೧. ಬಾಗಿಲುಗಳು

ಅವರು ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಕಣ್ಣಿನೊಳಗೆ ಒತ್ತಡ ಏರಿ ಎಡಗಣ್ಣು ಆಗಲೇ ಹೋಗಿತ್ತು. ಉಳಿದ ಬಲಗಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ.

"ಗಂಟಲೆಲ್ಲಾ ಕಹಿ ಸಾರ್. ಒಳಗೆ ಎಲ್ಲಾದ್ರೂ ಸೋರ್ತಾ ಇದೆಯಾ?"

ಬಿ.ಎಸ್ಸಿ. ಓದಿದವನು, ಬಿಡುತ್ತೇನೆಯೇ? "ಕಣ್ಣಿನ ಜೀವಕೋಶಗಳಿಗೆ ಸಣ್ಣ ಸಣ್ಣ ಬಾಗಿಲಿರ್ತವೆ. ಈ ಔಷಧಿ ಹೋಗಿ ತಟ್ಟಿದ್ರೆ ಬಾಗಿಲು ತೆಗೆದು ಉಪ್ಪಿನಂಥ ಕಣಗಳು ಒಳಗೆ ನುಗ್ತವೆ. ಸ್ನಾಯು ಬಿಗಿಯಾಗುತ್ತೆ, ಕಟ್ಟಿಕೊಂಡಿದ್ದ ದಾರಿ ಬಿಚ್ಚಿಕೊಂಡು ನೀರು ಹರಿಯುತ್ತೆ, ಒತ್ತಡ ಇಳಿಯುತ್ತೆ," ಎಂದೆ.

ಅವರು ಗಂಭೀರವಾಗಿ ಕೇಳಿಸಿಕೊಂಡರು. "ಅಷ್ಟು ಬಾಗಿಲು ಗೊತ್ತು ನಿಮಗೆ. ಬಾಯಿಗೆ ಬರೋ ಬಾಗಿಲು ಮಾತ್ರ ಗೊತ್ತಿಲ್ವಾ?"

೨. ಉಪವಾಸ

ರಂಜಾನ್ ಬಂತು. ಎರಡನೆ ವಾರ ಅವರ ಕಣ್ಣು ನೋಡಿದ ಡಾಕ್ಟರ ಮುಖ ಕಪ್ಪಿಟ್ಟಿತು. ಒತ್ತಡ ಮತ್ತೆ ಏರಿತ್ತು.

"ಹಗಲು ಹನಿ ಬಿಟ್ಟಿದ್ದೀನಿ ಸಾರ್. ಗಂಟಲಿಗಿಳಿದ್ರೆ ರೋಜಾ ಮುರಿದ ಹಾಗಲ್ವಾ?"

"ಮಸೀದಿ ಹಿರಿಯರು ಪರವಾಗಿಲ್ಲ ಅಂದ್ರಂತಲ್ಲ?" ಎಂದೆ.

"ಅಂದ್ರು. ಕಹಿ ಆಗಿದ್ದು ಅವರ ಗಂಟಲಲ್ಲ."

"ಇರೋದು ಒಂದು ಕಣ್ಣು. ಹೀಗೇ ಬಿಟ್ರೆ ಅದೂ ಹೋಗುತ್ತೆ," ಎಂದರು ಡಾಕ್ಟರು. ಸಾಹೇಬರು ತಲೆ ತಗ್ಗಿಸಿದರು, ಹಟ ಬಿಡಲಿಲ್ಲ.

ಸಂಜೆ ಉಪವಾಸ ಮುಗಿಸಿ ಬರಲು ಹೇಳಿದೆ. ಬಂದರು. ಹನಿ ಹಾಕಿ, ಡಾಕ್ಟರು ತೋರಿಸಿಕೊಟ್ಟಂತೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದೆ. ಕಣ್ಣೀರು ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುವ ದಾರಿ ಅಲ್ಲೇ. ಐದು ನಿಮಿಷ ಆಯಿತು. ಅವರು ನಾಲಿಗೆ ಆಡಿಸಿ ನೋಡಿದರು. ಕಹಿಯಿಲ್ಲ.

"ಅರೆ, ಬಾಗಿಲು ಇಲ್ಲೇ ಇಟ್ಕೊಂಡು ನನಗೆ ಉಪ್ಪಿನ ಕಥೆ ಹೇಳಿದ್ರಾ ಸಾರ್!"

೩. ಎಳೆ

ಅಲ್ಲಿಂದ ಮುಂದೆ ಮೂಲೆ ಒತ್ತಿ ಹಾಕಿಕೊಳ್ಳುವ ಹನಿ ಹಗಲಲ್ಲೂ ತಪ್ಪಲಿಲ್ಲ, ಒತ್ತಡ ಇಳಿಯಿತು. ಆದರೆ ಆ ಹನಿ ಪಾಪೆಯನ್ನು ಸಾಸಿವೆಯಷ್ಟು ಕಿರಿದು ಮಾಡುತ್ತದೆ. ಮಬ್ಬಿನಲ್ಲಿ ಕಾಣುವುದು ಕಡಿಮೆ. "ಈ ಸಲ ಹಬ್ಬದ ಚಾಂದ್ ನಿಮಗೆ ಕಾಣೋದು ಕಷ್ಟ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಸಾಹೇಬರು ನನ್ನನ್ನು ತಮ್ಮ ಮಾಳಿಗೆಗೆ ಕರೆದೊಯ್ದರು. "ನನಗೆ ಕಾಣ್ದಿದ್ರೆ ನೀವು ನೋಡಿ ಹೇಳಿ."

ಸೂರ್ಯ ಮುಳುಗಿದ. ನನ್ನ ಎರಡು ಕಣ್ಣಿಗೂ ಚಂದ್ರ ಕಾಣಲಿಲ್ಲ. ಅವರು ಬಲಗಣ್ಣನ್ನು ಪಡುವಣಕ್ಕೆ ನೆಟ್ಟಿದ್ದರು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿದ ಕಣ್ಣು ಅದು.

"ಅಗೋ ಸಾರ್, ತೆಂಗಿನ ಗರಿ ಪಕ್ಕ. ಒಂದೇ ಎಳೆ." ಅವರ ಕೆನ್ನೆ ಒದ್ದೆಯಾಗಿತ್ತು.

"ನನಗೆ ಕಾಣ್ತಿಲ್ವಲ್ಲ ಸಾಹೇಬ್ರೇ!"

ಅವರು ಜೇಬಿನಿಂದ ಹನಿಯ ಸೀಸೆ ತೆಗೆದರು. "ನಿಮಗೂ ಒಂದು ಹಾಕ್ಲಾ? ಹೆದರ್ಬೇಡಿ, ಮೂಲೆ ನಾನು ಹಿಡ್ಕೋತೀನಿ."