ಕಾಸಿಯಾನ್ ಬೂಟು ಪಳಗಿಸಿದ್ದು

ಗುರುವಾರ ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಕಾಸಿಯಾನ್ ಅಡುಗೆಮನೆಯ ಬೆಂಚಿನ ಮೇಲೆ ಕೂತು, ಹೊಸ ಸ್ಕೀ ಬೂಟಿನ ನಾಲ್ಕನೆಯ ಕೊಂಡಿಯನ್ನು ಹಲ್ಲು ಕಚ್ಚಿ ಬಿಗಿಯುತ್ತಿದ್ದ.

"ಭಾನುವಾರದೊಳಗೆ ಇವು ನನ್ನ ಮಾತು ಕೇಳಬೇಕು!" ಎಂದು ಘೋಷಿಸಿದ. "ದಿನಕ್ಕೆ ಎರಡು ಗಂಟೆ, ಮೂರು ದಿನ, ಒಟ್ಟು ಆರು ಗಂಟೆ. ಬೂಟು ಪಳಗಿಸೋದು ಒಂದು ವಿಜ್ಞಾನ, ಬುರ್ಗಿ."

ಹೆಂಡತಿ ಬುರ್ಗಿ ಕಾಫಿ ಸೋಸುತ್ತ ಕೇಳಿದಳು, "ಮತ್ತೆ ವಿಜ್ಞಾನ ಯಾಕೆ ಹೀಗೆ ಬೆವರ್ತಾ ಇದೆ?"

ಭಾನುವಾರ, ಟಿರೋಲ್ ಎಂಬ ಹಿಮಪರ್ವತ ಸೀಮೆಯ ಅವರ ಕಣಿವೆಯ ಸ್ಕೀ ಸಂಘದ ವಾರ್ಷಿಕ ಸ್ಪರ್ಧೆ. ಸ್ಪರ್ಧಿಗಳಿಗಿಂತ ಮುಂಚೆ ಒಬ್ಬನೇ ಒಬ್ಬ ಹಿಮದ ಇಳಿಜಾರಿನಲ್ಲಿ ಜಾರಿ ಇಳಿದು ದಾರಿ ತೆರೆಯಬೇಕು. ಆ ಮೊದಲ ಇಳಿತವನ್ನು ಊರಿಗೆ ಊರೇ ನಿಂತು ನೋಡುತ್ತದೆ. ಮೂವತ್ತೊಂದು ವರ್ಷ ಕೆಳಗೆ ನಿಂತು ಗಡಿಯಾರ ಒತ್ತಿದ ಕಾಸಿಯಾನನಿಗೆ, ಐವತ್ತೆಂಟನೆಯ ವಯಸ್ಸಿನಲ್ಲಿ, ಈ ಸಲ ಆ ಗೌರವ ಒಲಿದಿತ್ತು. ಅವನಿಂದ ಆಗದಿದ್ದರೆ ಅದು ಬುರ್ಗಿಯ ತಮ್ಮ ವೆಂಡೆಲಿನನ ಪಾಲು. ಹೋದ ವರ್ಷ ಇಳಿದವನೂ ಅವನೇ. ಆ ಒಂದೂವರೆ ನಿಮಿಷದ ವರ್ಣನೆಯನ್ನು ಅವನು ಏಪ್ರಿಲ್ ಮುಗಿದರೂ ಮುಗಿಸಿರಲಿಲ್ಲ!

ಹನ್ನೊಂದನೆಯ ನಿಮಿಷಕ್ಕೆ ಕಾಸಿಯಾನನ ಎಡಗಾಲಿನ ಕಿರುಬೆರಳು ದೂರು ಕೊಟ್ಟಿತು. ಹದಿನಾಲ್ಕಕ್ಕೆ ಹೆಬ್ಬೆರಳು ಅದಕ್ಕೆ ಸಾಕ್ಷಿ ಹೇಳಿತು. ಇಪ್ಪತ್ತಕ್ಕೆ ಹತ್ತೂ ಬೆರಳುಗಳು ಒಗ್ಗಟ್ಟಾಗಿ ಮುಷ್ಕರ ಹೂಡಿದವು.

"ಬಿಚ್ಚಿ ಇಡು," ಎಂದಳು ಬುರ್ಗಿ.

"ಬಿಚ್ಚಿದರೆ ಬೂಟು ಗೆದ್ದ ಹಾಗೆ!"

"ಗೆದ್ದಿದ್ದು ಅದಕ್ಕೆ ಗೊತ್ತಾಗಲ್ಲ ಮಾರಾಯ, ಅದು ಬೂಟು."

"ಇದನ್ನ ಮಾಡಿದವನಿಗೆ ಕಾಲೇ ಇರಲಿಕ್ಕಿಲ್ಲ! ಮಂಡಿಯಿಂದ ಕೆಳಗೆ ಏನಿರುತ್ತೆ ಅಂತ ಯಾರ ಹತ್ತಿರವಾದರೂ ಕೇಳಬಾರದಿತ್ತಾ?"

ಹಾಗೆಂದು ಅವನು ನೆಲಕ್ಕೆ ಒದ್ದ. ಕಪಾಟಿನ ಮೇಲಿದ್ದ ಏಪ್ರಿಕಾಟ್ ಜಾಮಿನ ಜಾಡಿ ಕೆಳಗೆ ಬಿದ್ದು ಒಡೆಯಿತು. ಬುರ್ಗಿ ಜಾಮನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಗಿಲನ್ನು ತೋರಿಸಿದಳು.

ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನ ಚಳಿ. ಕಾಸಿಯಾನ್ ಅಂಗಳದ ಹಿಮವನ್ನು ವೈರಿಯ ಎದೆಯೆಂದೇ ಭಾವಿಸಿ ನಲವತ್ತು ನಿಮಿಷ ತುಳಿದ. ಒಳಗೆ ಬಂದು ಎಂಟೂ ಕೊಂಡಿ ತೆಗೆದು ಎಳೆದ. ಬೂಟು ಅಲ್ಲಾಡಲಿಲ್ಲ. ಪ್ಲಾಸ್ಟಿಕ್ಕಿನ ಹೊರಚಿಪ್ಪು ಚಳಿಗೆ ಕಲ್ಲಾಗಿತ್ತು. ಒಳಗಿನ ಪಾದ ಯಜಮಾನನ ಸಿಟ್ಟಿನ ಪ್ರಮಾಣದಲ್ಲೇ ಊದಿತ್ತು.

ಬುರ್ಗಿ ಎಳೆದಳು. ಬೂಟು ಬರಲಿಲ್ಲ, ಕಾಸಿಯಾನ್ ಬಂದ, ಬೆಂಚೂ ಬಂತು! ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದರು. ವಿದ್ಯುತ್ ಒಲೆಯ ಜೊತೆಗೆ ಅದೂ ಸೇರಿ ಮನೆಯ ಫ್ಯೂಸ್ ಹಾರಿತು.

"ಆಫ್ರಾ ಚಿಕ್ಕಮ್ಮನ ಅಂಗಡಿಗೆ ನಡಿ," ಎಂದಳು ಬುರ್ಗಿ ಕತ್ತಲಲ್ಲಿ.

"ನಡೆಯೋ ಹಾಗಿದ್ದರೆ ನಿನ್ನ ಉಪದೇಶ ಯಾಕೆ ಕೇಳ್ತಿದ್ದೆ?"

ಹಾಗಾಗಿ ಭಾನುವಾರದ ವೀರನನ್ನು ಮೊಮ್ಮಗಳ ಜಾರುಬಂಡಿಯ ಮೇಲೆ ಕೂರಿಸಿ, ಹಗ್ಗ ಹಿಡಿದು, ಊರಿನ ಏಕೈಕ ರಸ್ತೆಯಲ್ಲಿ ಎಳೆದೊಯ್ಯಲಾಯಿತು. ತನ್ನ ಮನೆ ಬಾಗಿಲ ಮುಂದೆ ಹಿಮ ಎತ್ತುತ್ತಿದ್ದ ವೆಂಡೆಲಿನ್ ಸಲಿಕೆ ಊರಿ ನಿಂತ.

"ಭಾವ, ಮೊದಲ ಇಳಿತ ಭಾನುವಾರ ಅಲ್ವಾ? ಇವತ್ತೇ ಶುರು ಮಾಡಿಬಿಟ್ರಾ?"

"ಬಾಯಿ ಮುಚ್ಚಿಕೊಂಡು ಹಿಮ ಎತ್ತು!"

"ಎತ್ತುತ್ತೀನಿ, ಎತ್ತುತ್ತೀನಿ. ಕಾಲಿಗೆ ಆಗಲ್ಲ ಅಂದ್ರೆ ಸಂಕೋಚ ಪಡಬೇಡಿ. ನನ್ನ ಬೂಟು ಪಳಗಿ ಎಷ್ಟೋ ವರ್ಷ ಆಯ್ತು."

"ಬುರ್ಗಿ, ಬೇಗ ಎಳಿ! ಇಲ್ಲದಿದ್ದರೆ ನಿನ್ನ ತಮ್ಮನನ್ನ ಇದೇ ಬೂಟಲ್ಲಿ ಒದೀತೀನಿ!"

"ಒದಿ. ಹಾಗಾದರೂ ಬೂಟು ಕಳಚಿಕೊಳ್ಳುತ್ತಾ ನೋಡೋಣ," ಎಂದಳು ಬುರ್ಗಿ.

ಆಫ್ರಾ ಎಪ್ಪತ್ತರ ಮುದುಕಿ. ಸ್ಕೀ ಮಾರುವುದು, ಬಾಡಿಗೆಗೆ ಕೊಡುವುದು, ಬೂಟು ಸರಿಮಾಡುವುದು, ಮೂರೂ ಅವಳದೇ. ಚಿಪ್ಪಿನ ಸುತ್ತ ಆರು ನಿಮಿಷ ಬಿಸಿಗಾಳಿ ಊದಿದಳು, ಎರಡು ಕೈಯಲ್ಲಿ ಅದರ ಬಾಯಿ ಅಗಲಿಸಿದಳು. ಶೀಷೆಯ ಬಿರಡೆ ತೆಗೆದ ಸದ್ದಾಗಿ ಕಾಲುಗಳು ಒಂದೊಂದಾಗಿ ಹೊರಬಂದವು. ಆಮೇಲೆ ಪಾದವನ್ನು ಅಳತೆ ಹಲಗೆಯ ಮೇಲಿಟ್ಟು ಬಗ್ಗಿ ನೋಡಿದಳು.

"ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಸೆಂಟಿಮೀಟರ್. ಲೋ ಕಾಸಿಯಾನ್, ಕೊಳ್ಳೋ ದಿನ ಅಳೀತೀನಿ ಅಂದ್ರೆ ಕಾಲೇ ಕೊಡಲಿಲ್ಲವಲ್ಲೋ ನೀನು?"

"ಕಾಲುಚೀಲ ತೂತಾಗಿತ್ತು."

"ಅದಕ್ಕೆ ಬಾಯಿಗೆ ಬಂದ ಅಳತೆ ಕೂಗಿದೆಯಾ?"

"ಬಾಯಿಗೆ ಬಂದದ್ದಲ್ಲ ಚಿಕ್ಕಮ್ಮ! ಹತ್ತೊಂಬತ್ತನೇ ವಯಸ್ಸಲ್ಲಿ ಅದೇ ಇತ್ತು. ಅಲ್ಲದೆ..." ಅವನ ದನಿ ಇಳಿಯಿತು. "ವೆಂಡೆಲಿನ್ ಪಕ್ಕದಲ್ಲೇ ನಿಂತಿದ್ದ."

ಆಫ್ರಾ ತಲೆಯಾಡಿಸಿದಳು. ವೇಗವಾಗಿ ಇಳಿಯುವವರು ಚಿಕ್ಕ, ಬಿಗಿ ಬೂಟೇ ಹಾಕುತ್ತಾರೆಂಬ ಹೆಮ್ಮೆಗೆ, ಆ ಕಣಿವೆಯ ಗಂಡಸರು ಬೇಕಾದರೆ ವಯಸ್ಸನ್ನು ನಿಜ ಹೇಳುತ್ತಾರೆ, ಬೂಟಿನ ಅಳತೆಯನ್ನಲ್ಲ.

ಬುರ್ಗಿ ನೆಲದ ಮೇಲೆ ಕೂತು ಅವನ ನೀಲಿಗಟ್ಟಿದ ಬೆರಳುಗಳನ್ನು ಅಂಗೈಯಲ್ಲಿ ಉಜ್ಜತೊಡಗಿದ್ದಳು. "ನನ್ನನ್ನ ಕೇಳಿದ್ದರೆ ಹೇಳ್ತಿದ್ದೆ, ಮಂಗ. ಇಷ್ಟು ವರ್ಷದಿಂದ ನಿನಗೆ ಕಾಲುಚೀಲ ಹೆಣೆಯೋಳು ನಾನು. ನಾಲ್ಕೈದು ವರ್ಷಕ್ಕೊಮ್ಮೆ ಒಂದೊಂದು ಸಾಲು ಹೆಣಿಗೆ ಜಾಸ್ತಿ ಹಾಕ್ತಾ ಬಂದಿದೀನಿ, ಹೇಳಿದರೆ ನೊಂದುಕೊಳ್ತೀಯ ಅಂತ ಸುಮ್ಮನಿದ್ದೆ."

ಕಾಸಿಯಾನ್ ಇನ್ನೊಂದು ಪಾದವನ್ನೂ ಅವಳ ಕಡೆಗೆ ಚಾಚಿದ.

ಭಾನುವಾರಕ್ಕೆ ಆಫ್ರಾ ತನ್ನ ಬಾಡಿಗೆ ಬೂಟನ್ನೇ ಕೊಟ್ಟಳು. ಬಣ್ಣ ನೇರಳೆ. ಬೇಗ ಹುಡುಕಿಕೊಳ್ಳಲು ಬಾಡಿಗೆಯವುಗಳಿಗೆ ಬರೆಯುವಂತೆ, ಎರಡೂ ಹಿಮ್ಮಡಿಗಳ ಮೇಲೆ ಅಂಗೈಯಗಲದ ಬಿಳಿ ಅಳತೆಯಂಕಿ. ಕಾಸಿಯಾನ್ ದಾರಿ ಗುರುತಿಸಿ ನೆಟ್ಟ ಒಂದು ಕಂಬವನ್ನೂ ತಾಕದೆ, ಒಂದು ತಿರುವೂ ತಪ್ಪದೆ ಇಳಿದು ಬಂದ. ಹತ್ತೂ ಬೆರಳುಗಳು ಕೆಲಸಕ್ಕೆ ಹಾಜರಾಗಿದ್ದವು. ಜನ ಚಪ್ಪಾಳೆ ತಟ್ಟಿದರು. ಅವನು ತಾನಿಳಿದ ಇಳಿಜಾರನ್ನು ಕಣ್ತುಂಬ ನೋಡಲೆಂದು, ಊರಿಗೆಲ್ಲ ಬೆನ್ನು ಹಾಕಿ ನಿಂತ.

ಈ ವರ್ಷ ಇಳಿತ ತಪ್ಪಿದ ವೆಂಡೆಲಿನನಿಗೆ ಸಂಘದವರು ಸಮಾಧಾನಕ್ಕೆಂದು ಮೈಕು ಕೊಟ್ಟಿದ್ದರು.

"ಮಹನೀಯರೇ, ಮಹಿಳೆಯರೇ, ದಾರಿ ತೆರೆದ ನಮ್ಮ ಭಾವನ ಹಿಮ್ಮಡಿ ನೋಡಿ, ಇಪ್ಪತ್ತೆಂಟೂವರೆ! ಆದರೆ ಕಳೆದ ವಾರ ಅಂಗಡಿಯಲ್ಲಿ ಅವರೇ ಎದೆಯುಬ್ಬಿಸಿ ಕೂಗಿದ್ದು, ಈ ಎರಡು ಕಿವಿಯಿಂದ ನಾನು ಕೇಳಿದ್ದು, ಇಪ್ಪತ್ತಾರೂವರೆ!"