ಬ್ರೇಕ್ ಇದ್ದ ಹಾಯಿದೋಣಿ

ಹಾಯಿದೋಣಿ ಕಟ್ಟುವುದು ನನ್ನ ಎಡಗೈ ಕೆಲಸ ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ. ನನ್ನ ಎರಡೂ ಕೈ ಸೇರಿ ಅದುವರೆಗೆ ಹೊಡೆದದ್ದು ಕ್ಯಾಲೆಂಡರಿನ ಮೊಳೆಯೊಂದನ್ನೇ. ಆ ಕ್ಯಾಲೆಂಡರ್ ಈಗಲೂ ಸೊಟ್ಟಗೇ ನೇತಾಡುತ್ತಿದೆ.

ಕಾರಣ ಮಾತ್ರ ಗಟ್ಟಿಯಾಗಿತ್ತು. ಅಪ್ಪ ಬದುಕಿನುದ್ದಕ್ಕೂ ಬಸ್ ಓಡಿಸಿದವರು. ಕಣ್ಣು ಮಂಜಾಗಿದೆ ಎಂದು ಲೈಸೆನ್ಸ್ ನಿರಾಕರಿಸಿದ ಮೇಲೆ ಮಾತೇ ಬಿಟ್ಟಿದ್ದರು. ಊಟಕ್ಕೆ ಕೂತರೂ ತಟ್ಟೆಯ ಅಂಚನ್ನು ಸ್ಟೀರಿಂಗ್ ಹಾಗೆ ಹಿಡಿದಿರುತ್ತಿದ್ದರು. ಊರಾಚೆಯ ಕೆರೆಯಲ್ಲಿ ಲೈಸೆನ್ಸ್ ಕೇಳುವವರು ಯಾರು?

ನಡುಮನೆಯ ಸೋಫಾ ಹೊರಗೆ ಹೋಯಿತು, ಹಲಗೆಗಳು ಒಳಗೆ ಬಂದವು. ಅಪ್ಪ ಹಲಗೆ ಹಿಡಿದರು, ನಾನು ಗರಗಸ ಹಿಡಿದೆ, ಹೆಂಡತಿ ತಲೆ ಹಿಡಿದುಕೊಂಡಳು.

"ನಾನು ಕ್ಯಾಪ್ಟನ್. ನೀವು ಚುಕ್ಕಾಣಿ ಹಿಡೀರಿ ಅಪ್ಪ," ಎಂದೆ.

ದೋಣಿಗೆ ಆಕಾರ ಬಂದಂತೆ ಅಪ್ಪನಿಗೆ ಮಾತು ಬಂತು. ಮೊದಲು ಕನ್ನಡಿ ಕೇಳಿದರು, ಹಾಕಿದೆ. ಹಾರನ್ ಕೇಳಿದರು, ಅದನ್ನೂ ಹಾಕಿದೆ. ಕೊನೆಗೆ ಒಳಗೆ ಕೂತು ಬಲಗಾಲಿನಿಂದ ಏನನ್ನೋ ತಡಕಾಡಿದರು.

"ಬ್ರೇಕ್ ಎಲ್ಲೋ?"

"ದೋಣಿಗೆ ಬ್ರೇಕ್ ಇರಲ್ಲಪ್ಪ."

"ಬ್ರೇಕ್ ಇಲ್ಲದ ಗಾಡಿ ನಾನು ಮುಟ್ಟಲ್ಲ," ಎಂದು ಎದ್ದೇಬಿಟ್ಟರು. ಮುಖ ಮತ್ತೆ ಬಾಗಿಲು ಹಾಕಿದ ಅಂಗಡಿಯಾಯಿತು.

ಇಷ್ಟೆಲ್ಲ ಮಾಡಿ ಇಲ್ಲಿ ಸೋಲುವುದೇ? ಗುಜರಿಯಿಂದ ಒಂದು ಹಳೆಯ ಪೆಡಲ್ ತಂದು ತಳದ ಹಲಗೆಗೆ ಉದ್ದುದ್ದ ಸ್ಕ್ರೂ ಹಾಕಿ ಬಿಗಿದೆ. ಅದು ಏನನ್ನೂ ನಿಲ್ಲಿಸುವುದಿಲ್ಲ, ಅಪ್ಪನ ಕಾಲಿಗೆ ಸಮಾಧಾನ ಅಷ್ಟೆ.

"ರೀ, ಸ್ಕ್ರೂ ತುದಿ ಕೆಳಗಿಂದ ಇಣುಕ್ತಿದೆ," ಎಂದಳು ಹೆಂಡತಿ.

"ನೌಕಾಯಾನದ ವಿಷಯ ನಿನಗೆ ಗೊತ್ತಾಗಲ್ಲ, ಸುಮ್ನಿರು."

ಭಾನುವಾರ ಕೆರೆಗೆ ಹೋದೆವು. ಹೆಂಡತಿ ದಡದಲ್ಲಿ ನಿಂತಳು, ನಾವಿಬ್ಬರೂ ಹತ್ತಿದೆವು. ಗಾಳಿ ತುಂಬಿ ಹಾಯಿ ಉಬ್ಬಿತು. ಅದಕ್ಕಿಂತ ಹೆಚ್ಚು ನಾನು ಉಬ್ಬಿದೆ! ಅಪ್ಪ ಹಾರನ್ ಹೊಡೆದು ಬಾತುಕೋಳಿಗಳನ್ನು ಪಕ್ಕಕ್ಕೆ ಸರಿಸುತ್ತಾ ನಗುತ್ತಿದ್ದರು. ಆ ನಗು ಕಂಡು ಎಷ್ಟೋ ಕಾಲವಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಹಾಗಾಗಿ ಎದುರಿನ ದಡ ಹತ್ತಿರ ಬಂದದ್ದು ಕಾಣಲಿಲ್ಲ.

ಕಣ್ಣು ಮಂಜಾದ ಅಪ್ಪನಿಗೇ ಕಂಡಿತು. ಹಳೆಯ ಅಭ್ಯಾಸ, ಮೈಭಾರವನ್ನೆಲ್ಲ ಹಾಕಿ ಬ್ರೇಕ್ ಒತ್ತಿದರು.

ಪೆಡಲ್, ಸ್ಕ್ರೂ, ಹಲಗೆಯ ಒಂದು ಚೂರು ಎಲ್ಲ ಒಟ್ಟಿಗೆ ಕೆಳಗೆ ಹೋದವು. ನೀರು ಮೇಲೆ ಬಂತು. ದಡ ಇನ್ನೂ ಸ್ವಲ್ಪ ದೂರವಿರುವಾಗಲೇ ದೋಣಿ ಕೆಸರಿನ ಮೇಲೆ ಮೆತ್ತಗೆ ಕೂತುಬಿಟ್ಟಿತು.

"ನೋಡಿದ್ಯಾ," ಎಂದರು ಅಪ್ಪ, ಮಂಡಿಯವರೆಗೆ ನೀರಲ್ಲೇ ಕೂತು. "ಬ್ರೇಕ್ ಹೇಗೆ ಹಿಡೀತು. ಇಲ್ಲದಿದ್ರೆ ಆಕ್ಸಿಡೆಂಟೇ."

ಹೆಂಡತಿ ಕೆರೆ ಸುತ್ತಿಕೊಂಡು ಓಡಿ ಬಂದಳು. "ಮಾವ, ಏನೂ ಆಗಿಲ್ಲ ತಾನೆ? ಎಲ್ಲಿ ನಿಮ್ಮ ಕ್ಯಾಪ್ಟನ್?"

ಸೊಂಟದವರೆಗಿನ ನೀರಿನಲ್ಲಿ ನಿಂತು ದೋಣಿಯ ಹಿಂಭಾಗಕ್ಕೆ ಹೆಗಲು ಕೊಟ್ಟಿದ್ದ ನನ್ನನ್ನು ಅಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದರು.

"ಕ್ಯಾಪ್ಟನ್ ಯಾರೂ ಇಲ್ಲಮ್ಮ," ಎಂದರು. "ಕಂಡಕ್ಟರ್ ಇದ್ದಾನೆ, ಹಿಂದೆ ತಳ್ತಿದ್ದಾನೆ. ನೀನು ಹತ್ತು, ಸೀಟ್ ಖಾಲಿ ಇದೆ."